ಹಣಿಗೆ ದಾಟಿದ ಗಂಟು

12 ಜನವರಿ

ತಂಗಿಗೆ,

ಆಶೀರ್ವಾದ ಆಮೇಲೆ. ಮೊದಲು ಜಗಳ.

ನಾನು ಪರೀಕ್ಷೆಯಲ್ಲಿ ಫೇಲಾದೆ. ಮೂವತ್ತೊಂದು ವರ್ಷ ಮಗ್ಗದ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡ ನಿನ್ನ ಅಕ್ಕ, ನಿನ್ನೆ ಮೊನ್ನೆ ಶೆಡ್ಡಿಗೆ ಕಾಲಿಟ್ಟವರ ಎದುರಿಗೆ ಫೇಲಾದೆ. ಅದೂ ಯಾವುದರಲ್ಲಿ? ಕೆಚ್ಚುವುದರಲ್ಲಿ. ಮೀನು ಈಜುವುದರಲ್ಲಿ ಫೇಲಾಯಿತು ಅಂದರೆ ಯಾರಾದರೂ ನಂಬುತ್ತಾರಾ? ನಮ್ಮ ಶೆಡ್ಡಿನಲ್ಲಿ ನಂಬಿದ್ದಾರೆ.

ಈ ವರ್ಷದಿಂದ ಇಲ್ಲಿ ಕೆಲಸ ಮಾಡುವವರೆಲ್ಲ ಬರವಣಿಗೆಯ ಪರೀಕ್ಷೆ ಕೊಟ್ಟು ಪ್ರಮಾಣಪತ್ರ ತರಬೇಕಂತೆ. ಪ್ರಶ್ನೆಗಳೆಲ್ಲ ನಿಮ್ಮ ಆಫೀಸು ಅಚ್ಚು ಹಾಕಿಸಿದ ನೇಯ್ಗೆಯ ಪದಕೋಶದಿಂದಲೇ. ಒಂದು ಪ್ರಶ್ನೆ, 'ಕೆಚ್ಚುವುದು ಎಂದರೇನು?' ನಾನು ನಗುನಗುತ್ತಾ ಒಂದು ಪುಟ ಬರೆದೆ. ಕನ್ನಡಕದ ಸಾಹೇಬರು, ಅಂದರೆ ಪರೀಕ್ಷಕರು, ಅದರ ಮೇಲೆ ಅಡ್ಡಗೀಟು ಎಳೆದು ಸೊನ್ನೆ ಕೊಟ್ಟಿದ್ದಾರೆ. ಎರಡು ಅಂಕದಲ್ಲಿ ಹೋಯಿತು ನನ್ನ ಮಾನ.

"ಏನಮ್ಮಾ, ಇಷ್ಟು ವರ್ಷ ಇದೇ ಕೆಲಸ ಮಾಡಿ ಇದೊಂದು ಗೊತ್ತಿಲ್ವಾ?" ಅಂದರು. ಪುಸ್ತಕ ತೆಗೆದು 58ನೇ ಪುಟ ಓದಿ ತೋರಿಸಿದರು. 'ಕೆಚ್ಚುವುದು: ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆಯನ್ನು ಗಂಟು ಹಾಕುವುದು.'

ಗಂಟು! ಮೈಯೆಲ್ಲ ಉರಿದುಹೋಯಿತು. ನಿನಗೂ ಮರೆತಿರಬಹುದು, ಮೊದಲಿನಿಂದ ಹೇಳುತ್ತೇನೆ, ಕೇಳು. ಮಗ್ಗದ ಮೇಲೆ ಉದ್ದಕ್ಕೆ ಇರುವ ಎಳೆಗಳು ಹಾಸು. ಒಂದು ಹಾಸು ನೇಯ್ದು ಮುಗಿದಾಗ ಅದರ ಬಾಲವನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ಜೊತೆ ಸೇರಿಸಬೇಕು. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಎರಡು ತುದಿಯನ್ನೂ ಹೊಸೆದು ಒಂದೇ ಎಳೆ ಮಾಡಬೇಕು. ಆಮೇಲೆ ಎಳೆದರೆ ಅವೆಲ್ಲ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವಿನಿಂದ ನೀರಿನ ಹಾಗೆ ಸರಿದು ಬರುತ್ತವೆ. ಅದು ಕೆಚ್ಚುವುದು. ನಮ್ಮ ನುಣುಪು ನೂಲಿಗೆ ಗಂಟು ಹಾಕಿದರೆ ಹಣಿಗೆಯ ಹಲ್ಲಿಗೆ ಸಿಕ್ಕಿ ಹರಿದುಹೋಗುತ್ತದೆ. ಕಂಬಳಿ ನೇಯುವವರು ಗಂಟು ಹಾಕಿಕೊಳ್ಳಲಿ, ಅವರದು ಬೇರೆ ಮಾತು.

ಏಪ್ರಿಲ್ ಹದಿನೈದಕ್ಕೆ ಇನ್ನೊಂದು ಪರೀಕ್ಷೆ. ಅದರಲ್ಲೂ ಹೋದರೆ ನನ್ನನ್ನು ಮಗ್ಗದ ಮುಂದಿನಿಂದ ಎಬ್ಬಿಸಿ ಬಟ್ಟೆ ಮಡಿಸುವ ಕೋಣೆಗೆ ಹಾಕುತ್ತಾರೆ. ಆ ಪುಸ್ತಕದ ಮೊದಲ ಪುಟದಲ್ಲಿ ಸಂಪಾದಕರ ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದೆ. 58ನೇ ಪುಟದ ಆ ಮಹಾನುಭಾವ ಯಾರು, ನನಗೆ ತಿಳಿಸು. ಅವನ ಕಿವಿ ಹಿಂಡುವ ಆಸೆ ಇದೆ.

ಇನ್ನೂ ಉರಿಯುತ್ತಿರುವ,
ನಿನ್ನ ಅಕ್ಕ

25 ಜನವರಿ

ಅಕ್ಕನಿಗೆ,

ನೀನು ಕಾಗದವನ್ನು ಆಫೀಸಿಗೆ ಹಾಕಿದ್ದೀಯ. ಟಪಾಲು ಒಡೆಯುವ ಗುಮಾಸ್ತರು ಮೊದಲ ಸಾಲು ಓದಿ, "ಮೇಡಂ, ಯಾರೋ ನಿಮ್ಮ ಮೇಲೆ ಜಗಳಕ್ಕೆ ಬಂದಿದ್ದಾರೆ" ಎಂದು ತಂದುಕೊಟ್ಟರು. ಮುಂದಿನದನ್ನು ಮನೆಯ ವಿಳಾಸಕ್ಕೆ ಬರೆ.

ಆ ಮಹಾನುಭಾವ ನಾನೇ. ಉಳಿದ ಪದಗಳನ್ನೆಲ್ಲ ಹತ್ತು ಕಡೆಯ ನೇಕಾರರನ್ನು ಕೇಳಿ, ಹೋಲಿಸಿ ಬರೆದೆವು. ಅದೊಂದು ಪದಕ್ಕೆ ಮಾತ್ರ ಯಾರನ್ನೂ ಕೇಳಲಿಲ್ಲ, ಏಕೆಂದರೆ ಅದು ನನ್ನ ಕೈಗೆ ಗೊತ್ತಿತ್ತು. ಕಂಬಳಿಯವರದು ಬೇರೆ, ನಿಮ್ಮದು ಬೇರೆ ಎನ್ನುತ್ತೀಯ. ಪದಕೋಶದಲ್ಲಿ ಒಂದೊಂದು ಮಗ್ಗಕ್ಕೂ ಒಂದೊಂದು ಅರ್ಥ ಕೊಡಲು ಆಗುವುದಿಲ್ಲ ಅಕ್ಕ. ಸೇರಿಸುವುದು ಮುಖ್ಯ. ಹೊಸೆದರೇನು, ಗಂಟು ಹಾಕಿದರೇನು?

ನೀನು ಫೇಲಾಗಿದ್ದಕ್ಕೆ ನನಗೆ ನಿಜವಾಗಿ ಬೇಜಾರಾಗಿದೆ. ಅದಕ್ಕೆ ಸುಲಭದ ದಾರಿ ಇದೆ. ಏಪ್ರಿಲ್‌ನಲ್ಲಿ ಪುಸ್ತಕದಲ್ಲಿ ಇರುವ ಒಂದು ಸಾಲನ್ನು ಹಾಗೆಯೇ ಬರೆದುಬಿಡು. ಪಾಸಾಗುತ್ತೀಯ. ಒಂದು ಸಾಲಿಗೋಸ್ಕರ ಕೆಲಸ ಕಳೆದುಕೊಳ್ಳಬೇಡ.

ನಿನ್ನ ತಂಗಿ

3 ಫೆಬ್ರವರಿ

ತಂಗಿಗೆ,

ನಿನ್ನ ಸುಲಭದ ದಾರಿ ನಿನಗೇ ಇರಲಿ.

ಹೊಸೆದರೇನು, ಗಂಟು ಹಾಕಿದರೇನು! ಈ ಮಾತನ್ನು ಓದಿ ಕಾಗದವನ್ನು ಮಡಚಿ ಕುರ್ಚಿಯ ಅಲುಗಾಡುವ ಕಾಲಿನ ಕೆಳಗೆ ಇಟ್ಟಿದ್ದೇನೆ. ಈಗ ಕುರ್ಚಿ ಅಲುಗಾಡುವುದಿಲ್ಲ. ಅಷ್ಟರಮಟ್ಟಿಗೆ ಉಪಯೋಗವಾಯಿತು.

ಕಳೆದ ವಾರ ಏನಾಯಿತು ಕೇಳು. ನಿನ್ನ ಪುಸ್ತಕ ಬಾಯಿಪಾಠ ಮಾಡಿ ಮೊದಲ ದರ್ಜೆಯಲ್ಲಿ ಪಾಸಾದ ಇಬ್ಬರಿಗೆ ಹೊಸ ಹಾಸು ಕೊಟ್ಟರು. ಪಾಪ, ಎರಡು ದಿನ ಕೂತು ಎಳೆಎಳೆಗೂ ಅಂದವಾಗಿ ಗಂಟು ಹಾಕಿದರು. ಮೂರನೇ ದಿನ ಎಳೆದರೆ ಅರ್ಧ ಹಾಸು ಹಣಿಗೆಯ ಹಿಂದೆ ಕೂದಲುಂಡೆಯಾಗಿ ನಿಂತಿತು. ಮೇಸ್ತ್ರಿ ಬಂದು ತಲೆ ಕೆರೆದುಕೊಂಡ. "ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದ್ರಲ್ಲ, ಮತ್ಯಾಕೆ ಹರೀತು?" ಎಂದ. ಕೊನೆಗೆ ನೂಲು ಸರಿಯಿಲ್ಲ ಎಂದು ತೀರ್ಮಾನವಾಯಿತು. ಪುಸ್ತಕ ಸರಿ, ಪರೀಕ್ಷೆ ಸರಿ, ಪಾಸಾದವರು ಸರಿ, ನೂಲು ಮಾತ್ರ ಕಳ್ಳ! ಆ ಹಾಸನ್ನು ಬಿಡಿಸಿ ಮತ್ತೆ ಕೆಚ್ಚಿ ಕೊಟ್ಟವಳು ಯಾರು ಗೊತ್ತಾ? ಕೆಚ್ಚುವುದರಲ್ಲಿ ಸೊನ್ನೆ ತೆಗೆದವಳು. ಆಗ ಯಾರೂ ನನ್ನ ಪ್ರಮಾಣಪತ್ರ ಕೇಳಲಿಲ್ಲ.

ಎರಡು ವರ್ಷದ ಹಿಂದೆ ನೋಟುಬುಕ್ಕು ಹಿಡಿದು ಬಂದೆಯಲ್ಲ, ಅಮ್ಮ ಹೋದ ಮೇಲೆ ಅದೊಂದೇ ಸಲ. ಒಂದು ಮಧ್ಯಾಹ್ನದಲ್ಲಿ ನನ್ನ ಬಾಯಿಂದ ನೂರಿಪ್ಪತ್ತು ಪದ ಬರೆದುಕೊಂಡೆ. ಕಾಫಿ ಆರಿಹೋಗಿತ್ತು, ಕುಡಿಯಲಿಲ್ಲ. ಕೆಚ್ಚುವುದರ ಹತ್ತಿರ ಬಂದಾಗ ನೀನೇ ಕೈ ಅಡ್ಡ ಹಿಡಿದೆ. "ಇದು ನಂಗೊತ್ತು ಬಿಡಕ್ಕ, ಮುಂದಿಂದು ಹೇಳು" ಅಂದೆ. ನೆನಪಿದೆಯಾ?

ನನ್ನ ಕೈಯಿಂದ ನಾನೇ ಸುಳ್ಳು ಬರೆಯುವುದಿಲ್ಲ. ಬಟ್ಟೆ ಮಡಿಸಲು ಹಾಕಿದರೆ ಮಡಿಸುತ್ತೇನೆ. ನಿನಗೆ ತಲೆತಗ್ಗಿಸುವ ಹಾಗಾದರೆ ಯಾರಿಗೂ ನನ್ನ ತಂಗಿ ಎಂದು ಹೇಳಬೇಡ.

ಅಕ್ಕ

10 ಫೆಬ್ರವರಿ

ಅಕ್ಕ,

ನಿನಗೊಬ್ಬಳಿಗೇ ಸಿಟ್ಟು ಬರುತ್ತದೆ ಎಂದು ತಿಳಿಯಬೇಡ.

ಆ ಪುಸ್ತಕದಲ್ಲಿ ನಾನು ಎದೆ ಮುಟ್ಟಿಕೊಂಡು ಇದು ನನ್ನದು ಎನ್ನಬಹುದಾದ ಸಾಲು ಅದೊಂದೇ. ಏಳು ವರ್ಷ, ಬೆಳಗ್ಗೆ ಆರಕ್ಕೆ ಎದ್ದು, ಶಾಲೆಗೆ ಹೋಗುವವರೆಗೆ ಅಮ್ಮನ ಮಗ್ಗದ ಮುಂದೆ ಕೂತವಳು ನಾನು. ನೀನು ಹಾಸಿನ ಎಡಗಡೆ, ನಾನು ಬಲಗಡೆ. ನನ್ನ ಅಂಗೈ ಬೆವರುತ್ತದೆ, ನಿನಗೇ ಗೊತ್ತು. ಬೂದಿ ಕೆಸರಾಗಿ ಬೆರಳಿಗೆ ಮೆತ್ತಿಕೊಂಡು ಎಳೆ ಹೊಸೆಯಲು ಬರುತ್ತಿರಲಿಲ್ಲ. ಅದಕ್ಕೆ ಗಂಟು ಹಾಕುತ್ತಿದ್ದೆ, ಸಣ್ಣದಾಗಿ, ಬಿಗಿಯಾಗಿ. ನೀನು ಹೊಸೆಯುವುದು ನಿನ್ನ ಠೀವಿ ಅಂದುಕೊಂಡಿದ್ದೆ. ನಾನು ಶಾಲೆಗೆ ಹೋಗುತ್ತಿದ್ದೆ, ಅಮ್ಮ ನೂಲಿಗೆ ಬಣ್ಣ ಹಾಕುವ ಮನೆಯ ಕೆಲಸ ಮುಗಿಸಿ ಸಂಜೆ ಬಂದು ಹಾಸು ಎಳೆಯುತ್ತಿದ್ದಳು. ನನ್ನ ಕಡೆಯ ಒಂದೇ ಒಂದು ಎಳೆಯೂ ಹರಿಯಲಿಲ್ಲ. ಏಳು ವರ್ಷದಲ್ಲಿ ಒಂದು ಸಲವೂ ಇಲ್ಲ! ಅಮ್ಮ ಏನನ್ನುತ್ತಿದ್ದಳು, ಮರೆತೆಯಾ? "ದೊಡ್ಡವಳಿಗಿಂತ ಚಿಕ್ಕವಳ ಕಡೇನೇ ವಾಸಿ." ನೀನು ಮುಖ ಆ ಕಡೆ ತಿರುಗಿಸಿಕೊಂಡು ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ನಿನಗೆ ಆಗಲೂ ಹೊಟ್ಟೆಕಿಚ್ಚು, ಈಗಲೂ ಹೊಟ್ಟೆಕಿಚ್ಚು. ನಾನು ಓದಿದೆ, ನೀನು ಓದಲಿಲ್ಲ. ಅದು ನನ್ನ ತಪ್ಪೇ? ನಿನ್ನ ಶೆಡ್ಡಿನವರಿಗೆ ಗಂಟು ಹಾಕಲು ಬರದಿದ್ದರೆ ನನ್ನ ಪುಟ ಏನು ಮಾಡುತ್ತದೆ? ನನ್ನ ಗಂಟುಗಳು ಹಣಿಗೆ ದಾಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಂಗಿ

21 ಮಾರ್ಚ್

ತಂಗಿಗೆ,

ನಲವತ್ತು ದಿನ ಈ ಕಾಗದ ಬರೆಯಬಾರದೆಂದು ತಡೆದುಕೊಂಡೆ. ಪರೀಕ್ಷೆ ಹತ್ತಿರ ಬಂತು. ಅದೇ ಪುಸ್ತಕದಿಂದ ಇನ್ನೂ ಮೂವರು ಗಂಟು ಕಲಿಯುತ್ತಿದ್ದಾರೆ. ಇನ್ನು ಬಾಯಿಗೆ ಬೀಗ ಹಾಕಿಕೊಂಡು ಕೂರಲು ಆಗುವುದಿಲ್ಲ.

ನಿನ್ನ ಒಂದು ಗಂಟೂ ಹಣಿಗೆ ದಾಟಿಲ್ಲ. ಹಣಿಗೆಯವರೆಗೆ ಬಂದೇ ಇಲ್ಲ.

ನೀನು ಚೀಲ ಹೆಗಲಿಗೇರಿಸಿ ಬೀದಿಯ ತಿರುವು ದಾಟುವುದನ್ನು ಕಿಟಕಿಯಿಂದ ನೋಡಿಕೊಂಡು, ನಾನು ಬಲಗಡೆಗೆ ಸರಿದು ಕೂರುತ್ತಿದ್ದೆ. ಅಮ್ಮನ ಸಣ್ಣ ಕತ್ತರಿಯಿಂದ ನಿನ್ನ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿ, ಬೂದಿ ಮುಟ್ಟಿಸಿಕೊಂಡು ಮತ್ತೆ ಹೊಸೆಯುತ್ತಿದ್ದೆ. ಕತ್ತರಿಸಿದ ಗಂಟುಗಳನ್ನು ಒಲೆಗೆ ಹಾಕುತ್ತಿದ್ದೆ. ಅಮ್ಮ ಹೊಗಳಿದ ಬಲಗಡೆಯೂ ನನ್ನದೇ, ಬೈದ ಎಡಗಡೆಯೂ ನನ್ನದೇ. ಬಲಗಡೆ ಯಾಕೆ ವಾಸಿ ಇತ್ತು ಗೊತ್ತಾ? ಅಲ್ಲಿ ಸಿಕ್ಕಿಬೀಳುವ ಭಯ ಇತ್ತು, ಅದಕ್ಕೆ ಇನ್ನಷ್ಟು ಜೋಪಾನವಾಗಿ ಹೊಸೆಯುತ್ತಿದ್ದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನೀನು ಮೊದಲ ಸಲ ಕೂತು, ಎಳೆ ಹೊಸೆಯಲು ಬಾರದೆ ಒದ್ದಾಡಿದ ದಿನ ಅಮ್ಮ ಏನೆಂದಳು ನೆನಪಿದೆಯಾ? "ಇವಳಿಗೆ ಇದು ಬರೋ ತನಕ ಶಾಲೆ ಇಲ್ಲ." ಅಮ್ಮ ಆಡಿದರೆ ಆಡಿದ್ದೇ. ನಿನ್ನ ಅಂಗೈ ಬೆವರುವುದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ನೀನು ಪುಸ್ತಕ ಹಿಡಿದರೆ ನಿನ್ನ ಕಣ್ಣು ಹೇಗೆ ಅರಳುತ್ತಿತ್ತು ಎನ್ನುವುದೂ ಗೊತ್ತಿತ್ತು. ನನಗೆ ಆಗ ಹದಿಮೂರು.

ನಾನು ಶಾಲೆ ತಲುಪುವಾಗ ಹನ್ನೊಂದು ದಾಟಿರುತ್ತಿತ್ತು. ಮೇಷ್ಟರು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಸ್ವಲ್ಪ ದಿನ ನಿಂತೆ. ಆಮೇಲೆ ಹೋಗುವುದನ್ನೇ ಬಿಟ್ಟೆ. ನನಗೆ ಓದು ಹತ್ತಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ಅಂದರು, ಇರಲಿ ಬಿಡು ಅಂದುಕೊಂಡೆ.

ನೋಟುಬುಕ್ಕು ಹಿಡಿದು ಬಂದಾಗಲೂ ಹೇಳಬಹುದಿತ್ತು. "ಇದು ನಂಗೊತ್ತು ಬಿಡಕ್ಕ" ಎಂದು ಅಷ್ಟು ಖುಷಿಯಾಗಿ ಅಂದೆ. ಆ ಖುಷಿ ನೋಡಿ ಮಾತು ನುಂಗಿದೆ. ಆ ತಪ್ಪು ನನ್ನದು. 58ನೇ ಪುಟವನ್ನು ಬರೆದವಳು ನೀನು, ಬರೆಯಲು ಬಿಟ್ಟವಳು ನಾನು. ಆದರೆ ಹೊಟ್ಟೆಕಿಚ್ಚು ಅಂದೆಯಲ್ಲ, ಅದನ್ನು ಮಾತ್ರ ವಾಪಸು ತಗೊ. ಅದನ್ನು ಇಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ.

ನಿನ್ನ ಅಕ್ಕ

27 ಮಾರ್ಚ್

ಅಕ್ಕನಿಗೆ,

ವಾಪಸು ತಗೊಂಡೆ.

ಶಾಲೆಯ ವಿಷಯಕ್ಕೆ ನಾನು ಏನೂ ಬರೆಯುತ್ತಿಲ್ಲ. ಮೂರು ಸಲ ಬರೆದು ಹರಿದೆ.

ನಿನ್ನ ಕಾಗದ ಬಂದ ಮರುದಿನವೇ ಪ್ರಧಾನ ಸಂಪಾದಕರ ಕೋಣೆಗೆ ಹೋದೆ. 58ನೇ ಪುಟ ತಪ್ಪಾಗಿದೆ, ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಎಲ್ಲ ಕಡೆಗೂ ಕಳಿಸಬೇಕು ಎಂದೆ. ಅವರು ಚಹಾ ಕುಡಿಯುತ್ತಾ ಕೇಳಿದರು, "ಆಧಾರ ಏನು?"

"ನಮ್ಮಕ್ಕ ಸಾರ್. ಮೂವತ್ತೊಂದು ವರ್ಷದಿಂದ ಕೆಚ್ಚುತ್ತಿದ್ದಾಳೆ."

"ಅವರ ಹತ್ರ ಪ್ರಮಾಣಪತ್ರ ಇದೆಯಾ?"

"ಇಲ್ಲ ಸಾರ್. ಪರೀಕ್ಷೇಲಿ ಫೇಲಾದ್ಲು."

"ನೋಡಮ್ಮ, ಪರೀಕ್ಷೇಲಿ ಫೇಲಾದವರ ಮಾತು ಕೇಳಿ ಪುಸ್ತಕ ತಿದ್ದೋಕಾಗುತ್ತಾ?"

"ಪುಸ್ತಕ ತಪ್ಪಿದ್ದಕ್ಕೇ ಅವಳು ಫೇಲಾಗಿದ್ದು ಸಾರ್!"

"ಹಾಗಾದ್ರೆ ಅವರು ಮೊದಲು ಪಾಸಾಗಲಿ. ಆಮೇಲೆ ನೋಡೋಣ."

ಅಕ್ಕ, ಹನ್ನೆರಡು ವರ್ಷ ಈ ಮನುಷ್ಯರ ಮುಂದೆ ತಲೆಯಾಡಿಸಿದ್ದೇನೆ. ನಮ್ಮ ಪುಸ್ತಕದಲ್ಲಿ ಎರಡು ಸಾವಿರದ ಮುನ್ನೂರು ಪದ ಇವೆ. ಒಂದನ್ನಾದರೂ ಹೇಳಿದ ಒಬ್ಬ ನೇಕಾರನ ಹೆಸರು ಅದರಲ್ಲಿ ಇಲ್ಲ. ಮುನ್ನುಡಿಯಲ್ಲಿ ಕಾಗದ ಕೊಟ್ಟ ಅಂಗಡಿಗೂ ಕೃತಜ್ಞತೆ ಇದೆ. ನಿನ್ನ ನೂರಿಪ್ಪತ್ತು ಪದ ನನ್ನ ಕೈಯಿಂದಲೇ ಆ ಪುಸ್ತಕಕ್ಕೆ ಹೋದವು, ನಾನೂ ನಿನ್ನ ಹೆಸರು ಬರೆಯಲಿಲ್ಲ. ಆಗ ಅದು ಹೊಳೆಯಲೇ ಇಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ.

ಏನು ಮಾಡಲಿ ಹೇಳು. ನೀನು ಹೇಳಿದ್ದನ್ನು ಮಾಡುತ್ತೇನೆ. ಪುಸ್ತಕದ ಸಾಲು ಬರೆ ಎಂದು ಇನ್ನು ಹೇಳುವುದಿಲ್ಲ.

ನಿನ್ನ ತಂಗಿ

4 ಏಪ್ರಿಲ್

ತಂಗಿಗೆ,

ನಿಮ್ಮ ಸಂಪಾದಕರಿಗೆ ಆ ಚಹಾ ಬಿಸಿ ಇತ್ತಾ? ಇರಲಿ ಬಿಡು.

ನಾನು ಕನ್ನಡಕದ ಸಾಹೇಬರ ಹತ್ತಿರ ಹೋಗಿ, ಬರೆಯುವುದಿಲ್ಲ, ಮಾಡಿ ತೋರಿಸುತ್ತೇನೆ ಎಂದೆ. ನಿಯಮದಲ್ಲಿ ಇಲ್ಲ ಎಂದರು. ಮೇಸ್ತ್ರಿ ನನ್ನ ಕಡೆ ಮಾತಾಡಿದ. ಅವನ ಹಾಸುಗಳು ಹರಿಯುತ್ತಿವೆ, ಅವನಿಗೂ ಬಿಸಿ ತಟ್ಟಿದೆ. ಕೊನೆಗೆ ಒಪ್ಪಿದರು. ಕೈವಸ್ತ್ರದಷ್ಟು ಅಗಲದ ಸಣ್ಣ ಹಾಸು, ನಾನೂರು ಎಳೆ. ಅರ್ಧ ನಾನು ನನ್ನ ಹಾಗೆ ಕೆಚ್ಚಬೇಕು, ಅರ್ಧ ಪುಸ್ತಕದ ಹಾಗೆ ಗಂಟು ಹಾಕಬೇಕು. ಹದಿನೈದರಂದು ಎಲ್ಲರ ಎದುರಿಗೆ ಎಳೆಯಬೇಕು. ಯಾವುದು ಹಣಿಗೆ ದಾಟುತ್ತದೋ ಅದು ಸರಿ.

ಒಂದೇ ತೊಂದರೆ. ನನಗೆ ಗಂಟು ಹಾಕಲು ಬರುವುದಿಲ್ಲ. ನಗಬೇಡ. ನಿನ್ನೆ ಕೂತು ನೋಡಿದೆ. ಬೆರಳು ಎಳೆ ಹಿಡಿದ ತಕ್ಷಣ ತಾನಾಗಿ ಹೊಸೆದುಬಿಡುತ್ತದೆ. ಬೇರೆಯವರಿಂದ ಹಾಕಿಸಿದರೆ ಬೇಕೆಂದೇ ಕೆಟ್ಟದಾಗಿ ಹಾಕಿಸಿದಳು ಎನ್ನುತ್ತಾರೆ. ನನಗೆ ಗೊತ್ತಿರುವವರಲ್ಲಿ ಅತಿ ಸಣ್ಣ, ಅತಿ ಬಿಗಿ ಗಂಟು ನಿನ್ನದು. ಏಳು ವರ್ಷ ಕತ್ತರಿಸಿದವಳಿಗೆ ಗೊತ್ತಿರುವುದಿಲ್ಲವೇ?

ಬಂದು ಬಲಗಡೆ ಕೂರು. ಈ ಸಲ ಕತ್ತರಿಸುವುದಿಲ್ಲ.

ನಿನ್ನ ಅಕ್ಕ

8 ಏಪ್ರಿಲ್

ಅಕ್ಕನಿಗೆ,

ಬರುತ್ತೇನೆ. ಅರ್ಧ ದಿನದ ರಜೆ ಮಾತ್ರ ಕೊಟ್ಟಿದ್ದಾರೆ. ಬೆಳಗಿನ ಮೊದಲ ಬಸ್ಸಿಗೆ ಬಂದು, ಗಂಟು ಹಾಕಿ, ಹನ್ನೊಂದರ ಬಸ್ಸಿಗೆ ಹೊರಡಬೇಕು. ಎಳೆಯುವುದನ್ನು ನೋಡಲು ಆಗುವುದಿಲ್ಲ. ನೀನೇ ನೋಡಿ ಬರೆ, ಏನನ್ನೂ ಮುಚ್ಚಿಡದೆ ಬರೆ.

ಅಂಗೈ ಈಗಲೇ ಬೆವರುತ್ತಿದೆ. ಕಾಗದದ ಮೂಲೆ ನೋಡು.

ನಿನ್ನ ತಂಗಿ

18 ಏಪ್ರಿಲ್

ತಂಗಿಗೆ,

ನೀನು ಬಸ್ಸಿಗೆ ಓಡಿದ ಮೇಲೆ ಏನಾಯಿತು ಎಂದು ಬರೆಯುತ್ತೇನೆ.

ನಿನ್ನ ಬೆನ್ನು ಶೆಡ್ಡಿನ ಗೇಟು ದಾಟುವುದನ್ನು ಕಿಟಕಿಯಿಂದ ನೋಡಿದೆ. ಹೆಗಲ ಮೇಲೆ ಚೀಲ, ಅದೇ ನಡಿಗೆ. ಸಾಹೇಬರು ಬರಲು ಇನ್ನೂ ಒಂದು ಗಂಟೆ ಇತ್ತು. ಎಲ್ಲರೂ ಚಹಾ ಕುಡಿಯಲು ಹೋಗಿದ್ದರು. ಬಲಗಡೆಯಲ್ಲಿ ನಿನ್ನ ಇನ್ನೂರು ಗಂಟು ಸಾಸಿವೆಯ ಹಾಗೆ ಸಾಲಾಗಿ ಕೂತಿದ್ದವು. ಯಾವಾಗ ಕತ್ತರಿ ನನ್ನ ಕೈಗೆ ಬಂತೋ ಗೊತ್ತಿಲ್ಲ. ಇನ್ನೊಂದು ಗಂಟೆಯಲ್ಲಿ ನನ್ನ ತಂಗಿಯ ಕೈಕೆಲಸ ಎಲ್ಲರ ಎದುರಿಗೆ ಪಟಪಟ ಹರಿಯುತ್ತದಲ್ಲ, ಎಲ್ಲರೂ ನಗುತ್ತಾರಲ್ಲ. ನನ್ನ ಕೆಲಸ ಹೋಗಲಿ, ಇದನ್ನು ಸರಿಮಾಡಿಬಿಡೋಣ ಎನ್ನಿಸಿತು. ಸುಳ್ಳಲ್ಲ. ಒಂದು ಗಂಟಿನ ಬುಡಕ್ಕೆ ಕತ್ತರಿಯ ಬಾಯಿ ಇಟ್ಟೂ ಬಿಟ್ಟಿದ್ದೆ.

ಆಮೇಲೆ ಕತ್ತರಿಯನ್ನು ಕಿಟಕಿಯಿಂದ ಹೊರಗೆ ಎಸೆದೆ. ಅದು ಮೇಸ್ತ್ರಿಯ ಕತ್ತರಿ. ಇನ್ನೂ ಹುಡುಕುತ್ತಿದ್ದಾನೆ.

ಸಾಹೇಬರು ಬಂದರು. ಗಂಟುಗಳನ್ನು ಕನ್ನಡಕ ಮೇಲೆತ್ತಿ ನೋಡಿದರು. "ಚೆನ್ನಾಗಿದೆ. ಪುಸ್ತಕದಲ್ಲಿ ಹೇಳಿದ ಹಾಗೇ ಇದೆ. ಯಾರು ಹಾಕಿದ್ದು?" ಎಂದರು.

"ಪುಸ್ತಕ ಬರೆದವಳೇ ಸಾರ್" ಎಂದೆ.

ನಾನು ಎಳೆದೆ. ನನ್ನ ಕಡೆಯ ಇನ್ನೂರರಲ್ಲಿ ಮೂರು ಬಿಟ್ಟುಕೊಂಡವು, ಉಳಿದವು ಸರಿದು ಬಂದವು. ನಿನ್ನ ಕಡೆ ನೀನು ಊಹಿಸಿಕೊಂಡ ಹಾಗೆಯೇ ಆಯಿತು. ಯಾರೂ ನಗಲಿಲ್ಲ. ಗಂಟು ಕಲಿಯುತ್ತಿದ್ದ ಆ ಮೂವರು ಹತ್ತಿರ ಬಂದು ಹರಿದ ಎಳೆಗಳನ್ನು ಮುಟ್ಟಿ ನೋಡಿದರು. ಆಮೇಲೆ ಒಬ್ಬಳು ನನ್ನ ಬೂದಿಯ ಬಟ್ಟಲಿಗೆ ಬೆರಳು ಅದ್ದಿ, "ಹೇಗೆ ಹೊಸೀಬೇಕು, ತೋರಿಸಿ" ಎಂದಳು.

ಸಾಹೇಬರು ಪಾಸು ಮಾಡಿದರು. ನಿಮ್ಮ ಚಹಾದ ದೊರೆಗೂ ಕಾಗದ ಬರೆಯುತ್ತಾರಂತೆ. ಆದರೆ ಅಲ್ಲಿಗೇ ಮುಗಿಯಲಿಲ್ಲ. ನಿನ್ನೆ ಪ್ರಮಾಣಪತ್ರ ಕೈಗೆ ಬಂತು. ಅದರಲ್ಲಿ ನನ್ನ ಕೆಲಸದ ಹೆಸರು ಏನೆಂದು ಬರೆದಿದ್ದಾರೆ ಗೊತ್ತಾ? 'ಗಂಟು ಹಾಕುವ ಕೆಲಸಗಾರ್ತಿ'! ಪುಸ್ತಕದಲ್ಲಿ ಹಾಗೇ ಇದೆಯಂತೆ, ಪುಸ್ತಕ ಬದಲಾಗುವವರೆಗೆ ಇದೂ ಬದಲಾಗುವುದಿಲ್ಲವಂತೆ. ಅವರ ಮೇಜಿನ ಮೇಲೆ ವಾಪಸು ಇಟ್ಟು ಬಂದಿದ್ದೇನೆ. ಮಗ್ಗದ ಮುಂದಿನಿಂದ ಯಾರೂ ಎಬ್ಬಿಸಿಲ್ಲ, ಅಷ್ಟು ಸಾಕು. ನಿನ್ನ ಕೆಲಸ ಇನ್ನೂ ಇದೆ, ನೀನು ಅಲ್ಲಿ ಜಗಳ ಆಡು, ನಾನು ಇಲ್ಲಿ ಆಡುತ್ತೇನೆ. ಚೀಟಿ ಅಚ್ಚಾದರೆ ಹೇಳಿದವಳು ಯಾರೆಂದೂ ಅದರಲ್ಲಿ ಬರಲಿ. ಜೊತೆಗೆ 41ನೇ ಪುಟವನ್ನೂ ತೆಗೆದು ನೋಡು. ನೂಲಿಗೆ ಗಂಜಿ ಹಾಕುವ ವಿಷಯಕ್ಕೆ ಯಾವ ಪುಣ್ಯಾತ್ಮ ಏನು ಬರೆದಿದ್ದಾನೆ ನೋಡು. ಮುಂದಿನ ಸಲ ಬಂದಾಗ ಕಾಫಿ ಆರುವ ಮೊದಲು ಕುಡಿ, ಆಮೇಲೆ ಅದರ ಬಗ್ಗೆ ಬೈಯುತ್ತೇನೆ.

ಈ ಕಾಗದದ ಜೊತೆ ಒಂದು ಬಟ್ಟೆಯ ತುಂಡು ಇಟ್ಟಿದ್ದೇನೆ. ಏನನ್ನೂ ಮುಚ್ಚಿಡಬೇಡ ಎಂದಿದ್ದೆಯಲ್ಲ. ನಿನ್ನ ಇನ್ನೂರು ಗಂಟುಗಳಲ್ಲಿ ನೂರತೊಂಬತ್ತೊಂಬತ್ತು ಹರಿದವು. ಬಲಗಡೆಯ ಅಂಚಿನಿಂದ ಏಳನೆಯದು ಮಾತ್ರ ಹೇಗೋ ಹಲ್ಲುಗಳ ನಡುವೆ ನುಸುಳಿ ಈಚೆ ಬಂತು. ಅಕ್ಕಪಕ್ಕದ ಹರಿದ ಎಳೆಗಳನ್ನು ಹೊಸೆದು ಸೇರಿಸಿ, ಅದರ ಸುತ್ತ ಎರಡು ಬೆರಳಗಲ ನೇಯ್ದು ಕತ್ತರಿಸಿದ್ದೇನೆ. ಬೆಳಕಿಗೆ ಹಿಡಿದು ಬೆರಳಾಡಿಸು, ಸಿಗುತ್ತದೆ.

ಅದು ನಿನ್ನದೇ. ನಾನು ಮುಟ್ಟಿಲ್ಲ.

ಆಶೀರ್ವಾದ ಬಾಕಿ ಇತ್ತು, ಈಗ ತಗೊ.

ನಿನ್ನ ಅಕ್ಕ